ಮುದಕವ್ವನ ಕಾಲು, ಲಗಮಪ್ಪನ ಟೊಂಕ

ನಾನು ಕಾಲು ಮುಂದಾಗಿ ಹುಟ್ಟಿದವಳು. ಎಲ್ಲರೂ ಮರ್ಯಾದೆಯಿಂದ ತಲೆ ಮುಂದೆ ಮಾಡಿಕೊಂಡು ಈ ಲೋಕಕ್ಕೆ ಬಂದರೆ ನಾನು ಎಡಗಾಲು ಚಾಚಿಕೊಂಡು ಬಂದೆನಂತೆ. ನಮ್ಮವ್ವ ಎರಡು ದಿನ ಜೀವ ಹಿಡಿದುಕೊಂಡು ಒದ್ದಾಡಿದಳು. ಅದು ಯಾರಿಗೂ ನೆನಪಿಲ್ಲ. ಊರಿಗೆ ನೆನಪಿದ್ದದ್ದು ನನ್ನ ಎಡಗಾಲು. ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ತುಳಿದರೆ ಹಿಡಿದ ಟೊಂಕ ಬಿಡುತ್ತದೆ ಎಂಬುದು ನಮ್ಮ ಕಡೆ ವೇದಕ್ಕಿಂತ ಒಂದು ಗುಂಜಿ ಹೆಚ್ಚಿನ ಮಾತು. ಹೀಗಾಗಿ ನನಗೆ ಹಲ್ಲು ಬರುವ ಮೊದಲೇ ನನ್ನ ಕಾಲಿಗೆ ಹೆಸರು ಬಂತು. ನಾನು ನಡೆಯಲು ಕಲಿಯುವ ಮೊದಲೇ ಅಜ್ಜ ನನ್ನ ರಟ್ಟೆ ಹಿಡಿದು ಓಣಿಯವರ ಬೆನ್ನ ಮೇಲೆ ನಿಲ್ಲಿಸುತ್ತಿದ್ದನಂತೆ.

ಮದುವೆಯಾಗಿ ಕಿತ್ತೂರ ಕಡೆಯಿಂದ ದಾಂಡೇಲಿಗೆ ಬಂದೆ. ಕಾಗದದ ಕಾರ್ಖಾನೆ ಎದ್ದು, ಧಾರವಾಡ ಬೆಳಗಾವಿ ಕಡೆಯ ಮಂದಿ ಗಂಟು ಕಟ್ಟಿಕೊಂಡು ಬಂದು ಇಳಿಯುತ್ತಿದ್ದ ಕಾಲ. ಬಂಗೂರನಗರದಾಚೆಯ ನಮ್ಮ ಚಾಳಿನಲ್ಲಿ ಹದಿನಾರು ಮನೆ, ಒಂದು ನಳ, ಮೂವತ್ತು ನೋಯುವ ಟೊಂಕ. ರವಿವಾರ, ಗುರುವಾರ ಮುಂಜಾನೆ ನಮ್ಮ ಬಾಗಿಲ ಮುಂದೆ ಜನ ಬೋರಲು ಬಿದ್ದಿರುತ್ತಿದ್ದರು. ಹಳಿಯಾಳ, ಜೋಯಿಡಾದಿಂದಲೂ ಬರುವವರಿದ್ದರು. ನಾನು ಸೆರಗು ಬಿಗಿದು, ಗೋಡೆ ಹಿಡಿದು, ಎಡಗಾಲಿನಿಂದ ಮೂರು ಸಲ ಹಗುರಾಗಿ ತುಳಿಯುತ್ತಿದ್ದೆ. ಅವರು ಎದ್ದು, “ಹಗೂರಾತು ನೋಡಬೇ ಯವ್ವಾ, ನಿನ್ನ ಕಾಲ ತಣ್ಣಗಿರ್ಲಿ” ಅನ್ನುತ್ತಿದ್ದರು. ವಾರಕ್ಕೆ ಎರಡು ಸಲ ಇಂಥ ಮಾತು ಕೇಳಿದರೆ ಯಾವಳ ತಲೆ ನೆಟ್ಟಗಿರುತ್ತದೆ? ನನ್ನದೂ ಇರಲಿಲ್ಲ.

ನನ್ನ ಹೆಸರು ಮುದಕವ್ವ, ಗಂಡನ ಹೆಸರು ಲಗಮಪ್ಪ. ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಕರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ. ಬರೆದರೆ ಏನಾಗುತ್ತದೆಂದು ಯಾರೂ ಹೇಳಿಲ್ಲ, ಯಾಕೆಂದರೆ ನಮ್ಮ ಓಣಿಯಲ್ಲಿ ಬರೆಯಲು ಬರುವ ಹೆಂಗಸು ನಾನೊಬ್ಬಳೇ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಮದುವೆಯ ದಿನ ಒಡಪು ಕಟ್ಟಿ ಹೇಳಿದ್ದನ್ನು ಬಿಟ್ಟರೆ ಇವತ್ತಿಗೆ ಹದಿನೆಂಟು ವರ್ಷದ ಸಂಸಾರದಲ್ಲಿ ಆ ಹೆಸರು ನನ್ನ ಬಾಯಿಂದ ಬಂದದ್ದು ಒಂದೇ ಸಲ. ಅದು ಹೇಗೆ ಬಂತು ಎಂಬುದೇ ಈ ಕಥೆ.

ಅವರು ಬಿದಿರಿನ ಗುತ್ತೇದಾರ ಚನಬಸಪ್ಪ ಸಾವಕಾರನ ಹತ್ತಿರ ಮುಕಾದಮ. ಮುಕಾದಮ ಅಂದರೆ ಕಡಿಯುವವರ ಮೇಲಿನವನು. ಕುಳಗಿಯ ಅಡವಿಯಲ್ಲಿ ಯಾವ ಬಿದಿರು ಕಡಿಯಬೇಕು, ಯಾವುದು ಇನ್ನೂ ಎಳೆಯದು, ಯಾವ ಮೆಳೆ ಮುಟ್ಟಬಾರದು ಎಂದು ತೋರಿಸುತ್ತ ಹಗಲೆಲ್ಲ ತಿರುಗುವುದೇ ಅವರ ಕೆಲಸ. ತಿರುಗಿದರೆ ಮುಕಾದಮ, ಕೂತರೆ ಯಾರೂ ಅಲ್ಲ.

ಅರವತ್ನಾಲ್ಕನೇ ಇಸವಿಯ ದೀಪಾವಳಿ ಮುಗಿದು ಕಡಿತ ಶುರುವಾಯಿತು. ಅದರ ಬೆನ್ನಿಗೇ ಇವರ ಸೋಗೂ ಶುರುವಾಯಿತು. ಸೋಗು ಅಂದವಳು ನಾನೇ, ಬೇರೆಯವರ ಮೇಲೆ ಯಾಕೆ ಹಾಕಲಿ? ನೆಟ್ಟಗೆ ಸ್ವಲ್ಪ ದೂರ ನಡೆದರೆ ಟೊಂಕ ಬಿಗಿಯುತ್ತದಂತೆ, ತೊಡೆಯ ಹಿಂದಿನಿಂದ ಜೋಮು ಇಳಿಯುತ್ತದಂತೆ, ಕಾಲು ತಮ್ಮವೇ ಅನ್ನಿಸುವುದಿಲ್ಲವಂತೆ. ಎರಡು ನಿಮಿಷ ಕೂತರೆ ಸಾಕು, ಇಲ್ಲವೇ ಬಗ್ಗಿ ಮೊಣಕಾಲ ಮೇಲೆ ಕೈಯೂರಿದರೆ ಸಾಕು, ಎಲ್ಲ ಮಾಯವಂತೆ! ಇಷ್ಟು ವಿಧೇಯವಾದ ಬೇನೆಯನ್ನು ನಾನು ನೋಡಿರಲಿಲ್ಲ. ಕೂಡು ಅಂದರೆ ಕೂಡುತ್ತದೆ, ಏಳು ಅಂದರೆ ಏಳುತ್ತದೆ.

ನಾನು ಕಳ್ಳನನ್ನು ಹಿಡಿಯುವವಳಂತೆ ಹೆಜ್ಜೆ ಎಣಿಸಿದೆ. ನಮ್ಮ ಬಾಗಿಲಿನಿಂದ ಹುಣಸೆಮರದ ಕಟ್ಟೆಯವರೆಗೆ ನೂರಾ ಇಪ್ಪತ್ತು ಹೆಜ್ಜೆ. ಅಲ್ಲಿಗೆ ಬಂದ ಕೂಡಲೇ ಇವರು ಕೂತೇ ಕೂತರು. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ.

“ಬಂತ ನೋಡ್ರಿ ಅಳ್ನಾವರ ಜಂಕ್ಷನ್ನು! ಗಾಡಿ ಹತ್ತ ಮಿನಿಟ ನಿಂದರತೈತಿ,” ಅಂದೆ.

“ಕಾಲ ಸತ್ತ ಹೋಗ್ಯಾವ ಮುದಕವ್ವಾ. ಖರೇನ ಹೇಳಾಕತ್ತೇನಿ.”

“ಸತ್ತ ಕಾಲ ಐದ ಮಿನಿಟಿಗೆ ಮತ್ತ ಹೆಂಗ ಎದ್ದ ಕುಂದರತಾವು? ನೆಟ್ಟಗ ನಿಂದರ್ರಿ! ನೆಟ್ಟಗ ನಿಂತ್ರ ಎಲ್ಲಾ ನೆಟ್ಟಗ ಆಕ್ಕೈತಿ.”

ಅವರು ಜಗಳ ಆಡುವ ಮನುಷ್ಯರಲ್ಲ. ಅಂದದ್ದನ್ನು ಕೇಳಿಸಿಕೊಂಡು, ಮೊಣಕಾಲು ತಿಕ್ಕಿಕೊಂಡು, ಎದ್ದು ನಡೆದರು.

ಮನೆಯಲ್ಲೇ ವೈದ್ಯ ಇರುವಾಗ ಚಿಂತೆ ಯಾಕೆ? ಗುರುವಾರ ಮುಂಜಾನೆ ಅವರನ್ನೂ ಬೋರಲು ಮಲಗಿಸಿದೆ. ಮೂರು ಸಲ ತುಳಿದೆ. ಎದ್ದರು, ನಡೆದರು, ಹುಣಸೆಕಟ್ಟೆಗೆ ಕೂತರು. ರವಿವಾರ ಮತ್ತೆ ತುಳಿದೆ. ಮತ್ತೆ ಕೂತರು. ಊರ ಟೊಂಕವೆಲ್ಲ ನನ್ನ ಕಾಲಿಗೆ ಬಗ್ಗುತ್ತದೆ, ಗಂಡನ ಟೊಂಕ ಬಗ್ಗುವುದಿಲ್ಲ! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಇರಬೇಕು ಎಂದು ಮೊದಮೊದಲು ನಕ್ಕೆ. ಆಮೇಲೆ ಮುಲ್ಕಿ ಪಾಸಾದ ತಲೆ ಓಡಿಸಿದೆ. ನನ್ನ ಕಾಲಿಗೆ ಬಿಡದ ಟೊಂಕವೇ ಇಲ್ಲ. ಇವರ ಟೊಂಕ ಬಿಡುತ್ತಿಲ್ಲ. ಅಂದ ಮೇಲೆ ಇವರ ಟೊಂಕ ಹಿಡಿದೇ ಇಲ್ಲ. ಎಂಥ ಲೆಕ್ಕ ನೋಡಿ! ನನ್ನ ಮಾಸ್ತರರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

ಸಾಕ್ಷಿಗಳಿಗೂ ಬರ ಇರಲಿಲ್ಲ. ಮೊದಲನೆಯ ಸಾಕ್ಷಿ ಸೈಕಲ್ಲು. ನೂರಾ ಇಪ್ಪತ್ತು ಹೆಜ್ಜೆ ನಡೆಯಲಾರದ ಈ ಮಹಾರಾಯರು ಸೈಕಲ್ ಏರಿ, ಹ್ಯಾಂಡಲ್ ಮೇಲೆ ಬಗ್ಗಿ, ಕುಳಗಿಯವರೆಗೆ ಏಳೆಂಟು ಮೈಲಿ ಗಂಟೆ ಬಾರಿಸುತ್ತ ಹೋಗುತ್ತಿದ್ದರು. ಬೇನೆಗೂ ಸೈಕಲ್ಲಿಗೂ ಅದೇನು ಬೀಗತನವೋ! ಚಾಳಿನವರೆಲ್ಲ ನೋಡಿ ಮೂಗಿನ ಮೇಲೆ ಬೆರಳಿಟ್ಟರು.

ಎರಡನೆಯ ಸಾಕ್ಷಿ ತಂದವನು ಡಾಕಪ್ಪ. ಮುಂಡಗೋಡ ತಾಲೂಕಿನ ಇಂದೂರ ಹತ್ತಿರದ ತಾಂಡಾದವನು, ಇವರ ಕೈಕೆಳಗೆ ಬಿದಿರು ಕಡಿಯುವವನು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಒಂದು ದಿನ ಬುತ್ತಿ ಒಯ್ಯಲು ಬಂದವನನ್ನು ನಿಲ್ಲಿಸಿ ಕೇಳಿದೆ.

“ಡಾಕಪ್ಪಾ, ನಿಮ್ಮ ಮುಕಾದಮರು ಅಡವ್ಯಾಗ ಹೆಂಗ ನಡೀತಾರೋ?”

ಅವನು ತಲೆ ಕೆರೆದುಕೊಂಡ. “ಏನ ಹೇಳ್ಲೆವ್ವಾ, ನನಗೂ ತಿಳೀವಲ್ದು. ಗುಡ್ಡಾ ಏರೂ ಮುಂದ ನಮಗಿಂತ ಚಲೋ ಏರ್ತಾರ. ಇಳಿಯೂ ಮುಂದ ಹತ್ತ ಕಡೆ ಕುಂದರತಾರ. ಬಿದರಿನ ಹೊರಿ ಬೆನ್ನ ಮ್ಯಾಲೆ ಹೊತ್ರ ಭರಾ ಭರಾ ನಡೀತಾರ. ಖಾಲಿ ಕೈಲೆ ನಡಿ ಅಂದ್ರ ಆಗೂದಿಲ್ಲ.”

ಏರುವುದು ಸುಲಭ, ಇಳಿಯುವುದು ಕಷ್ಟ. ಹೊರೆ ಹೊತ್ತರೆ ಹಗುರ, ಬರಿಗೈ ಭಾರ. ಲೋಕವೆಲ್ಲ ಒಂದು ತೂಕವಾದರೆ ನನ್ನ ಗಂಡನದೇ ಒಂದು ತೂಕ. ಸೋಗು ಹಾಕುವವನಿಗೆ ಸ್ವಲ್ಪವಾದರೂ ಬುದ್ಧಿ ಬೇಡವೇ, ಯಾವಾಗ ಕುಂಟಬೇಕು ಎಂದು ತಿಳಿಯಬೇಡವೇ ಎಂದು ಅವತ್ತು ನನಗೆ ಅವರ ಮೇಲೆ ಕನಿಕರವೇ ಬಂತು.

ಚನಬಸಪ್ಪ ಸಾವಕಾರನಿಗೂ ಸುದ್ದಿ ಮುಟ್ಟಿತು. ಅವನು ಇವರನ್ನು ಹಳಿಯಾಳದ ಈಶಪ್ಪ ಡಾಕ್ಟರ ಹತ್ತಿರ ಕಳಿಸಿದ. ಈಶಪ್ಪ ಡಾಕ್ಟರು ಹೊಸದಾಗಿ ಎಕ್ಸರೇ ಯಂತ್ರ ತರಿಸಿದ್ದರು, ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸುವ ಉತ್ಸಾಹ ಇನ್ನೂ ಇಳಿದಿರಲಿಲ್ಲ. ಕೆಮ್ಮು ಎಂದು ಹೋದವನಿಗೂ ಎಕ್ಸರೇ, ಕಿವಿ ಸೋರುತ್ತದೆ ಎಂದು ಹೋದವನಿಗೂ ಎಕ್ಸರೇ. ಇವರ ಟೊಂಕದ್ದೂ ತೆಗೆದರು. ಕರಿ ಹಾಳೆಯನ್ನು ಕಿಟಕಿಗೆ ಹಿಡಿದು ಹೇಳಿದರು: “ಎಲುಬು ಗಟ್ಟಿ ಅದಾವ. ಮುರದಿಲ್ಲ, ಸರದಿಲ್ಲ. ವಯಸ್ಸಿಗೆ ತಕ್ಕಂಗ ಸವದಾವ, ಅಷ್ಟ. ಏನೂ ಆಗಿಲ್ಲ.”

ಏನೂ ಆಗಿಲ್ಲ! ನಾನು ಆ ಹಾಳೆಯನ್ನು ಮನೆಗೆ ತಂದು ದೇವರ ಜಗಲಿಯ ಪಕ್ಕ ಮೊಳೆಗೆ ತೂಗು ಹಾಕಿದೆ. ಬಂದವರಿಗೆಲ್ಲ ತೋರಿಸಿದೆ. ಸುಳ್ಳಿನ ಫೋಟೊ ತೆಗೆಸಿಕೊಂಡ ಗಂಡ ಊರಲ್ಲಿ ಇನ್ಯಾರಿಗಿದ್ದ? ಅವರು ಮಾತ್ರ ಊಟಕ್ಕೆ ಕೂತಾಗ ಆ ಮೊಳೆಗೆ ಬೆನ್ನು ಮಾಡಿ ಕೂಡುತ್ತಿದ್ದರು.

ಇಷ್ಟಾದರೂ ಹುಣಸೆಕಟ್ಟೆ ತಪ್ಪಲಿಲ್ಲ. ನಮ್ಮ ಪಕ್ಕದ ಮನೆಯ ಕೆಂಚವ್ವ ನಳದ ಹತ್ತಿರ ಯಾರಿಗೋ ಹೇಳುತ್ತಿದ್ದಳು: “ಮುದಕವ್ವನ ಕಾಲಾಗಿನ ಸತ್ವ ಹ್ವಾದಂಗ ಕಾಣ್ತೈತಿ ನೋಡ. ಗಂಡಗ ಹತ್ತಲಾರದ್ದು ನಮಗೇನ ಹತ್ತೀತು?” ಆ ಗುರುವಾರ ಬಾಗಿಲಿಗೆ ಇಬ್ಬರೇ ಬಂದಿದ್ದರು.

ಈ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅಂದಿನಿಂದ ತುಳಿಯುವ ರೀತಿ ಬದಲಾಯಿತು. ಬೇರೆಯವರಿಗೆ ಮೂರು ಸಲ ಹಗುರ ಕಾಲು. ಇವರಿಗೆ ಎರಡೂ ಕಾಲು, ಪೂರ್ತಿ ಭಾರ, ಹಿಮ್ಮಡಿ ಊರಿ, ದಿನಾ ಮುಂಜಾನೆ. ನಾನೇನು ಹೂವಿನ ಮೈಯವಳಲ್ಲ. ಅವರು ಚಾಪೆ ಕಚ್ಚಿಕೊಂಡು ಮಲಗಿರುತ್ತಿದ್ದರು. ಒಮ್ಮೆ ಮಾತ್ರ, “ಇವತ್ತ ಸಾಕ ಮಾಡ ಮುದಕವ್ವಾ” ಅಂದರು. “ಸೋಗ ಬಿಡ್ರಿ, ನಾ ಕಾಲ ಬಿಡ್ತೇನಿ” ಅಂದೆ. ಅವರ ಬೆನ್ನು ಗಟ್ಟಿಯೋ ನನ್ನ ಹೆಸರು ಗಟ್ಟಿಯೋ ಎಂಬ ಪಂದ್ಯ ಅದು. ಹೀಗೆ ಮೂರು ತಿಂಗಳು ನಡೆಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಚನಬಸಪ್ಪ ಸಾವಕಾರ ತಾನೇ ಬಂದ. ಒಳಗೆ ಬರದೆ ಕಟ್ಟೆಯ ಮೇಲೆ ಕೂತ.

“ಲಗಮಪ್ಪಾ, ಹತ್ತ ವರ್ಷದಾಂವ ಅಂತ ಸುಮ್ನಿದ್ದೇನಿ. ಹೋಳಿ ಹುಣ್ಣಿಮಿ ತನಕಾ ನೋಡ್ತೇನಿ. ಒಂದ ನಡದ ತೋರಸು, ಇಲ್ಲಾ ದೊಡ್ಡ ಡಾಕ್ಟರ ಕಡಿಂದ ಬ್ಯಾನಿ ಐತಿ ಅಂತ ಕಾಗದಾ ತಾ. ಎರಡೂ ಆಗಲಿಲ್ಲಂದ್ರ ಡಾಕಪ್ಪನ್ನ ಮುಕಾದಮ ಮಾಡ್ತೇನಿ. ನೀ ಮನ್ಯಾಗ ಆರಾಮ ಕುಂದರು.”

ಇವರು ತಲೆ ತಗ್ಗಿಸಿ “ಆತ್ರಿ” ಅಂದರು. ನಾನು ಬಾಗಿಲ ಮರೆಯಿಂದ ಎಲ್ಲ ಕೇಳಿದೆ. ಮುಕಾದಮಿಕೆ ಹೋದರೆ ಇವರಿಗೆ ಇನ್ನೇನು ಬರುತ್ತದೆ? ಅಡವಿ ತಿರುಗುವುದು ಬಿಟ್ಟು ಬೇರೆ ಏನೂ ಬಾರದು.

ಅದಾದ ಎರಡು ದಿನಕ್ಕೆ ಸಂತೆಗೆ ಹೊರಟಿದ್ದೆವು. ಅವರು ಮುಂದೆ, ನಾನು ಹಿಂದೆ ಹೆಜ್ಜೆ ಎಣಿಸುತ್ತ. ತೊಂಬತ್ತಕ್ಕೋ ತೊಂಬತ್ತೈದಕ್ಕೋ ನನ್ನ ಕಾಲಿಗೆ ಏನೋ ತೊಡರಿತು. ನೋಡಿದರೆ ಅವರ ಬಲಗಾಲಿನ ಚಪ್ಪಲಿ. ಅವರು ಹತ್ತು ಹೆಜ್ಜೆ ಮುಂದೆ, ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಬಿಸಿಲಿಗೆ ಕಾದ ಖಡಿಕಲ್ಲಿನ ಮೇಲೆ ಪಾದ ಎಳೆಯುತ್ತ ಹೋಗುತ್ತಿದ್ದರು.

“ರೀ, ಚಪ್ಪಲಿ!”

ತಿರುಗಿ ನೋಡಿದರು. ಮೊದಲು ನನ್ನ ಕೈಯನ್ನು, ಆಮೇಲೆ ತಮ್ಮ ಕಾಲನ್ನು. “ಅಯ್ಯ ಶಿವನ, ಯಾವಾಗ ಬಿತ್ತು?” ಅಂದರು. ಆ ಮುಖದಲ್ಲಿ ಸೋಗು ಇರಲಿಲ್ಲ. ಹೆದರಿಕೆ ಇತ್ತು. ಕಾಲಿಂದ ಚಪ್ಪಲಿ ಬಿದ್ದದ್ದು ಕಾಲಿಗೇ ತಿಳಿಯಲಿಲ್ಲವಲ್ಲ ಎಂದು ನನಗೂ ಎದೆ ಝಲ್ಲೆಂದಿತು. ಆದರೆ ನನ್ನ ನಾಲಿಗೆ ನನ್ನ ಎದೆಯನ್ನು ಕೇಳಿ ಮಾತಾಡುವುದಲ್ಲ. “ಮಿರಜಿಗೇ ಹೋಗೂಣು ನಡೀರಿ,” ಅಂದೆ. “ದೊಡ್ಡ ಡಾಕ್ಟರು ಬೈದು ಕಳಸಿದ ಮ್ಯಾಲರೆ ಬುದ್ಧಿ ಬರ್ತೈತೇನೋ.”

ನಮ್ಮ ಕಡೆ ಬೇನೆಗೆ ಕೊನೆಯ ಮಾತು ಅಂದರೆ ಮಿರಜಿಯ ದೊಡ್ಡ ದವಾಖಾನೆ. ದಾಂಡೇಲಿಯಿಂದ ಅಳ್ನಾವರ, ಅಲ್ಲಿಂದ ಮಿರಜಿಯ ಗಾಡಿ. ಅಳ್ನಾವರದಲ್ಲಿ ಗಾಡಿ ಬದಲಿಸುವಾಗ ಇವರು ಸಾಮಾನಿನ ಕೈಗಾಡಿಯನ್ನು ಬಗ್ಗಿ ತಳ್ಳುತ್ತ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಸಲೀಸಾಗಿ ನಡೆದರು. ಹಮಾಲನೇ ಬೆರಗಾದ. ನಾನು ಇದನ್ನೂ ಸಾಕ್ಷಿಗಳ ಗಂಟಿಗೆ ಸೇರಿಸಿಕೊಂಡೆ.

ಮಿರಜಿಯ ದವಾಖಾನೆಯ ಕಿಟಕಿಯಲ್ಲಿ ಗುಮಾಸ್ತ ಪೇಷಂಟಿನ ಹೆಸರು ಕೇಳಿದ. ಇವರು ಅಲ್ಲೇ ಕಟ್ಟಿಗೆಯ ಬಾಕಿನ ಮೇಲೆ ಬಗ್ಗಿ ಕೂತಿದ್ದರು. ನಾನು ಸುಮ್ಮನೆ ನಿಂತೆ. ಅವನು ಮತ್ತೆ ಕೇಳಿದ. “ಬರದ ಕೊಡ್ತೇನ್ರಿ” ಎಂದು ಅವನ ಪೆನ್ಸಿಲ್ ಇಸಿದುಕೊಂಡು ಚೀಟಿಯ ಮೇಲೆ ಬರೆದೆ. ಅವನು ನಕ್ಕ. ನಗಲಿ. ಗಂಡ ಸುಳ್ಳನಾದರೂ ಆಯುಷ್ಯ ನನಗೆ ಬೇಕಾದದ್ದೇ.

ದೊಡ್ಡ ಡಾಕ್ಟರು ಜಮಖಂಡಿ ಕಡೆಯವರು, ನೋಡಲು ಸಣ್ಣ ಆಳು, ದಪ್ಪ ಕನ್ನಡಕ. “ಏನ ತ್ರಾಸರಿ?” ಎಂದು ಕೇಳಿದರು. ಇವರು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ನಾಲ್ಕು ತಿಂಗಳು ಕೂಡಿಸಿದ ಸಾಕ್ಷಿಗಳಲ್ಲವೇ? ವಕೀಲರೂ ನಾಚಬೇಕು ಹಾಗೆ ಹೇಳಿದೆ.

“ಇವರ ಕಡಿಂದ ನೂರಾ ಇಪ್ಪತ್ತ ಹೆಜ್ಜಿ ನಡಿಯಾಕ ಆಗೂದಿಲ್ಲಂತರಿ. ಆದ್ರ ಸೈಕಲ್ ಮ್ಯಾಲೆ ಎಂಟ ಮೈಲ ಹೋಗ್ತಾರ! ಗುಡ್ಡಾ ಏರ್ತಾರ, ಇಳಿಯಾಕ ಆಗೂದಿಲ್ಲಂತ! ಹೊರಿ ಹೊತ್ರ ನಡೀತಾರ, ಖಾಲಿ ಕೈಲೆ ಆಗೂದಿಲ್ಲಂತ! ನಡಿಯೂ ಮುಂದ ಕಾಲಾಗಿನ ಚಪ್ಪಲಿ ಬಿದ್ರೂ ಗೊತ್ತಾಗಲಿಲ್ಲಂತ! ನಿನ್ನಿ ಕೈಗಾಡಿ ದೂಡಕೋಂತ ಹಮಾಲನ್ನ ಹಿಂದ ಹಾಕ್ಯಾರ. ಬಗ್ಗಿದ್ರ ಆರಾಮ, ನೆಟ್ಟಗಾದ್ರ ಬ್ಯಾನಿ. ಹಿಂತಾ ಬ್ಯಾನಿ ಎಲ್ಲ್ಯರೆ ಐತೇನ್ರಿ? ನೀವ ಹೇಳ್ರಿ!”

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಪಕ್ಕದ ಕೋಣೆಯಿಂದ ಇಬ್ಬರು ಹುಡುಗ ಡಾಕ್ಟರರನ್ನು ಕರೆದರು. “ಅವ್ವಾರ, ಇನ್ನೊಮ್ಮೆ ಹೇಳ್ರಿ, ಇವರೂ ಕೇಳ್ಲಿ” ಅಂದರು. ನಾನು ಇನ್ನೂ ಜೋರಾಗಿ ಹೇಳಿದೆ. ಇನ್ನೇನು ಇವರ ಮಾನ ಹರಾಜಾಗುತ್ತದೆ ಅಂದುಕೊಂಡೆ. ಇವರು ನೆಲ ನೋಡುತ್ತ ಕೂತಿದ್ದರು.

“ಐತ್ರಿ,” ಅಂದರು ಡಾಕ್ಟರು.

“ಏನೈತ್ರಿ?”

“ಹಿಂತಾ ಬ್ಯಾನಿ. ಪುಸ್ತಕದಾಗ ಬಂದ ಇನ್ನೂ ಹತ್ತ ವರ್ಷ ಆಗ್ಯಾವ, ಭಾಳ ಡಾಕ್ಟರಿಗೇ ಗೊತ್ತಿಲ್ಲ. ನೀವು ಆ ಪುಸ್ತಕಾ ಬಾಯಿಪಾಠ ಮಾಡಿದಂಗ ಹೇಳಿದ್ರಿ. ಬೆನ್ನೆಲುಬಿನ ಒಳಗ ನರಾ ಇಳಿಯೂ ದಾರಿ ಇರತೈತಿ. ಟೊಂಕದ ಕಡೆ ಆ ದಾರಿ ಇಕ್ಕಟ್ಟಾದ್ರ ಹಿಂಗ ಆಕ್ಕೈತಿ. ನಿಮ್ಮ ಯಜಮಾನ್ರು ಸುಳ್ಳ ಹೇಳಾಕತ್ತಿಲ್ಲ.”

ಚೀಲದಿಂದ ಹಳಿಯಾಳದ ಕರಿ ಹಾಳೆ ತೆಗೆದು ಮುಂದೆ ಹಿಡಿದೆ. “ಮತ್ತ ಇದರಾಗ ಏನೂ ಇಲ್ಲ ಅಂದಾರಲ್ರಿ?”

“ಬರೇ ಎಕ್ಸರೇದಾಗ ಗ್ವಾಡಿ ಕಾಣ್ತಾವ, ಒಳಗಿನ ಓಣಿ ಕಾಣೂದಿಲ್ಲ. ಓಣಿ ಕಾಣಬೇಕಂದ್ರ ಬೆನ್ನಾಗ ಸೂಜಿ ಹಾಕಿ ಒಂಥರಾ ಎಣ್ಣಿಯಂಥಾ ಔಷಧ ಬಿಡಬೇಕು. ಅದು ಎಕ್ಸರೇದಾಗ ಬೆಳ್ಳಗ ಕಾಣ್ತೈತಿ. ಅದು ಎಲ್ಲಿ ಹರೀತೈತಿ, ಎಲ್ಲಿ ನಿಂದರತೈತಿ ನೋಡಿದ ಮ್ಯಾಲನ ಆಪರೇಷನ್ ಮಾತು.”

“ಬೆನ್ನಾಗ ಸೂಜಿ ಹಾಕಿದ್ರ ಕಾಲ ಹೋಗ್ತಾವಂತಲ್ರಿ?”

“ಹಂಗ ಬಿಟ್ರ ಹೋಗ್ತಾವ,” ಅಂದರು ಡಾಕ್ಟರು. “ಚಪ್ಪಲಿ ಬಿದ್ದದ್ದ ಗೊತ್ತಾಗಲಿಲ್ಲ ಅಂದ್ರಲ್ಲ? ಹಂಗ ಒಂದಿನ ಕಾಲೂ.”

ಮರುದಿನ ಇವರನ್ನು ಒಳಗೆ ಒಯ್ದರು. ಮೇಜಿಗೆ ಪಟ್ಟಿ ಬಿಗಿದು, ಒಮ್ಮೆ ತಲೆ ಮೇಲೆ, ಒಮ್ಮೆ ಕಾಲು ಮೇಲೆ ಮಾಡಿ ತೂಗಿ, ಎಣ್ಣೆಯನ್ನು ಹಿಂದೆ ಮುಂದೆ ಹರಿಸಿ ಫೋಟೊ ತೆಗೆದರಂತೆ. ಆಮೇಲೆ ಆ ಎಣ್ಣೆಯನ್ನು ವಾಪಸು ಎಳೆದುಕೊಂಡರಂತೆ. ನಾನು ಹೊರಗೆ ಬಾಕಿನ ಮೇಲೆ ಕೂತಿದ್ದೆ. ಇಷ್ಟು ದಿನ ಹೆಜ್ಜೆ ಎಣಿಸಿದವಳಿಗೆ ಅವತ್ತು ಎಣಿಸಲು ಏನೂ ಇರಲಿಲ್ಲ. ಊರಿನ ಲಗಮವ್ವನಿಗೆ ಉಡಿ ತುಂಬುತ್ತೇನೆಂದು ಹರಕೆ ಹೊತ್ತೆ.

ಅದರ ಮರುದಿನ ಮುಂಜಾನೆ ಡಾಕ್ಟರು ಹಾಸಿಗೆಯ ಹತ್ತಿರವೇ ಬಂದರು. ಜೊತೆಗೆ ಆ ಇಬ್ಬರು ಹುಡುಗರು, ಒಬ್ಬ ನರ್ಸಬಾಯಿ. ಕಿಟಕಿಯ ಬೆಳಕಿಗೆ ಎರಡು ಹಾಳೆ ಹಿಡಿದು ನನ್ನನ್ನು ಹತ್ತಿರ ಕರೆದರು.

“ಇದು ನೆಟ್ಟಗ ಮಾಡಿ ತಗದದ್ದು. ನೋಡ್ರಿ.”

ಮೇಲಿನಿಂದ ಬೆಳ್ಳಗಿನ ಪಟ್ಟಿ ಇಳಿದಿತ್ತು. ಟೊಂಕದ ಹತ್ತಿರ, ಜಡೆಗೆ ರಿಬ್ಬನ್ ಬಿಗಿದು ಕಟ್ಟಿದಂತೆ, ಸಣ್ಣಗಾಗಿ ನಿಂತೇ ಬಿಟ್ಟಿತ್ತು. ಅದರ ಕೆಳಗೆ ಬರೀ ಕಪ್ಪು.

“ಇದು ಬಗ್ಗಿಸಿ ತಗದದ್ದು.”

ಇದರಲ್ಲಿ ಆ ಬಿಳಿ, ಕೂದಲೆಳೆಯಷ್ಟೇ ಸರಿ, ಆ ಇಕ್ಕಟ್ಟನ್ನು ದಾಟಿ ಕೆಳಗೆ ಇಳಿದಿತ್ತು.

“ನೆಟ್ಟಗಾದ್ರ ದಾರಿ ಮುಚ್ಚತೈತಿ, ಬಗ್ಗಿದ್ರ ಅಷ್ಟ ತೆರೀತೈತಿ. ಸೈಕಲ್ ಮ್ಯಾಲೆ ಬಗ್ಗತಾರ, ಗುಡ್ಡಾ ಏರೂ ಮುಂದ ಬಗ್ಗತಾರ, ಹೊರಿ ಹೊತ್ರ ಬಗ್ಗತಾರ. ಇದರಾಗ ಸೋಗ ಎಲ್ಲಿ ಬಂತ್ರಿ?”

ನೆಟ್ಟಗ ನಿಂದರ್ರಿ, ನೆಟ್ಟಗ ನಿಂದರ್ರಿ ಎಂದು ನಾಲ್ಕು ತಿಂಗಳು ಅವರ ಬೆನ್ನು ಹತ್ತಿದ ನನ್ನ ದನಿ ನನ್ನ ಕಿವಿಯಲ್ಲೇ ಕೂಗಿತು. ಇರುವ ಒಂದೇ ಸಣ್ಣ ದಾರಿಯನ್ನು ದಿನಾ ಮುಚ್ಚಿಸಿದವಳು ನಾನು. ಸಾಲದು ಎಂದು ಮೇಲೆ ನಿಂತು ತುಳಿದವಳೂ ನಾನೇ.

ಡಾಕ್ಟರು ಹಾಳೆ ಕೆಳಗಿಟ್ಟು, ಇವರ ಕಡೆ ತಿರುಗಿದರು. “ಇನ್ನೊಂದ ಮಾತು. ಸೂಜಿ ಹಾಕೂ ಮುಂದ ನೋಡೇನಿ, ಬೆನ್ನ ಮ್ಯಾಲೆ ಎರಡೂ ಕಡೆ ಹಸರುಗಟ್ಟೇತಿ. ಯಾರ ಏನ ಮಾಡ್ಯಾರ? ನಾಳೆ ನಾ ಅಲ್ಲೇ ಕತ್ತಿ ಹಚ್ಚಾಂವ, ಖರೆ ಗೊತ್ತಿರಬೇಕು.”

ಇವರು ನನ್ನ ಕಡೆ ನೋಡಲಿಲ್ಲ. “ಸೈಕಲ್ ಮ್ಯಾಲಿಂದ ಬಿದ್ದಿದ್ನಿರಿ” ಅಂದರು.

“ಹಿಮ್ಮಡಿ ಆಕಾರ ಐತಲ್ರಿ ಅದು? ಅದೂ ಎರಡೂ ಕಡೆ?”

“ಎರಡ ಸಲಾ ಬಿದ್ದಿದ್ನಿರಿ.”

ಇಷ್ಟು ತಿಂಗಳು ನಾನು ಸುಳ್ಳ, ಸುಳ್ಳ ಎಂದು ಊರಿಗೆಲ್ಲ ಸಾರಿದ ಮನುಷ್ಯ. ನಾನು ನೋಡಿದಂತೆ ತನ್ನ ಜೀವಮಾನದಲ್ಲಿ ಹೇಳಿದ ಮೊದಲನೆಯ ಸುಳ್ಳು ಇದು. ಹೇಳಲು ಬರುವುದೂ ಇಲ್ಲ. ಕಿವಿ ಕೆಂಪಾಗಿದ್ದವು. ಹೇಳಿದ್ದು ಯಾರಿಗಾಗಿ? ನಾಲ್ಕು ಮಂದಿಯ ಮುಂದೆ ಈ ಹೆಂಡತಿಯ ಮಾನ ಹೋಗಬಾರದು ಎಂದು. ಡಾಕ್ಟರು ನಂಬದಿದ್ದರೂ ಪೆನ್ನು ತೆಗೆದು ಬರೆಯಲು ಹೊರಟರು.

“ಲಗಮಪ್ಪಾ!” ಎಂದು ಯಾರೋ ಕಿರುಚಿದರು. “ಸುಳ್ಳ ಹೇಳಬ್ಯಾಡ!”

ಕಿರುಚಿದವಳು ನಾನು. ಹೆಸರು ಹಿಡಿದು, ಅದೂ ಏಕವಚನದಲ್ಲಿ, ಪರ ಗಂಡಸರ ಮುಂದೆ. ವಾರ್ಡಿನಲ್ಲಿ ಕೆಮ್ಮುವವರೂ ಕೆಮ್ಮು ನಿಲ್ಲಿಸಿದರು. ನಾನು ಸೀರೆಯ ನಿರಿಗೆ ಎತ್ತಿ ಎಡಗಾಲನ್ನು ಮುಂದೆ ಚಾಚಿದೆ, ಹುಟ್ಟುವಾಗ ಚಾಚಿದ ಹಾಗೆಯೇ.

“ಬಿದ್ದಿಲ್ರಿ ಅವರು. ನಾ ತುಳದೇನ್ರಿ. ಈ ಕಾಲಲೆ, ಎರಡೂ ಕಾಲಲೆ. ಮೂರ ತಿಂಗಳಾ, ದಿನಾ. ಸಾಕ ಮಾಡು ಅಂದ್ರೂ ಬಿಡಲಿಲ್ರಿ.” ಹೇಳುತ್ತ ಹೇಳುತ್ತ ಅತ್ತೆ. ಅಳುವುದು ನನಗೆ ಚೆನ್ನಾಗಿ ಬರುವುದಿಲ್ಲ, ದನಿ ಗೂಬೆಯಂತಾಗುತ್ತದೆ. ಆದರೂ ಅತ್ತೆ.

ಡಾಕ್ಟರು ನನ್ನ ಪಾದವನ್ನು ನೋಡಿದರು, ನನ್ನನ್ನು ನೋಡಿದರು. “ದಾರಿ ಇಕ್ಕಟ್ಟಾದದ್ದು ನಿಮ್ಮ ಕಾಲಿಂದಲ್ಲ ಅವ್ವಾರ. ಅದು ಎಷ್ಟೋ ವರ್ಷದಿಂದ ಆಗಿ ಬಂದದ್ದು. ಆದ್ರ ಒಳಗ ಬಾವು ಬಂದದ್ದಕ್ಕ ನಿಮ್ಮ ಕಾಣಿಕಿ ಸಣ್ಣದಲ್ಲ,” ಅಂದರು. ಅಷ್ಟನ್ನು ಬರೆದುಕೊಂಡು ಹೋದರು.

ಎಲ್ಲರೂ ಹೋದ ಮೇಲೆ ನನಗೆ ಇನ್ನೊಂದು ನೆನಪಾಯಿತು. ಹೆಸರು ಆಡಿಬಿಟ್ಟೆ. ನಾಳೆ ಆಪರೇಷನ್ನು. ಆಯುಷ್ಯ ಕಡಿಮೆಯಾದರೆ? ಹಾಸಿಗೆಯ ಕಾಲು ಹಿಡಿದು ನೆಲದ ಮೇಲೆ ಕುಸಿದೆ.

“ಹೆಸರ ತಗೊಂಡೆನ್ರಿ ನಾ. ನಿಮ್ಮ ಆಯುಷ್ಯಾ…”

ಅವರು ಮಲಗಿದಲ್ಲಿಂದಲೇ ನನ್ನ ತಲೆಯ ಮೇಲೆ ಕೈ ಇಟ್ಟರು. “ಆಯುಷ್ಯಾ ಹೋಗೂದಿದ್ರ ನೀ ಎರಡೂ ಕಾಲಲೆ ನಿಂತಾಗನ ಹೋಗಬೇಕಿತ್ತು. ಸುಮ್ನಿರು.”

ಆಪರೇಷನ್ ಆಯಿತು. ಹಿಂದಿನಿಂದ ಎಲುಬು ಕೆತ್ತಿ ದಾರಿ ಅಗಲ ಮಾಡಿದರು. ಎರಡು ತಿಂಗಳು ಹಾಸಿಗೆ, ಆಮೇಲೆ ಬೆಲ್ಟು, ಆಮೇಲೆ ಕೋಲು. ಸಾವಕಾರನಿಗೆ ಕಾಗದ ಹೋಯಿತು. ಆ ವರ್ಷ ಡಾಕಪ್ಪನೇ ಮುಕಾದಮನಾದ. ಅವನು ಪ್ರತಿ ಅಮಾವಾಸ್ಯೆಗೆ ಬಂದು, “ನಿಮ್ಮ ಜಾಗಾ ಬಿಸಿ ಮಾಡಿ ಇಟ್ಟೇನ್ರಿ, ಲಗೂನ ಬರ್ರಿ” ಎಂದು ಹೇಳಿ ಹೋಗುತ್ತಿದ್ದ.

ಊರಿನ ಬುದ್ಧಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಇವರು ಕೋಲೂರಿ ಓಣಿಯಲ್ಲಿ ಅಡ್ಡಾಡತೊಡಗಿದ್ದೇ ತಡ, ಕೆಂಚವ್ವ ಸಾರಿದ್ದೇನು? “ಮುದಕವ್ವನ ಕಾಲಿನ ಗುಣಾ ತಡಾ ಆಗಿ ಹತ್ತೇತಿ!” ಎಂದು. ಎಣ್ಣೆ ಹಾಕಿ ಫೋಟೊ ತೆಗೆದವರು, ಎಲುಬು ಕೆತ್ತಿದವರು ಎಲ್ಲ ಮಿರಜಿಯಲ್ಲೇ ಉಳಿದರು, ಕೀರ್ತಿ ಬಂದು ನನ್ನ ಹಿಮ್ಮಡಿಗೆ ಅಂಟಿತು. ಗುರುವಾರ ಬಾಗಿಲಿಗೆ ಹನ್ನೊಂದು ಮಂದಿ! ನಾನು ಮಿರಜಿಯ ಎರಡು ಹಾಳೆ ತಂದು ಬಿಸಿಲಿಗೆ ಹಿಡಿದು ಎಲ್ಲ ಬಿಡಿಸಿ ಹೇಳಿದೆ. ನನ್ನ ಕಾಲು ಮಾಡಿದ್ದನ್ನೂ ಹೇಳಿದೆ. ಶಾಂತವಾಗಿ ಕೇಳಿದರು. ಆಮೇಲೆ ಕೆಂಚವ್ವ, “ಆತಬಿಡು, ನಮಗ ಒಂದ ಕಾಲಲೆ ತುಳಿ” ಅಂದಳು. ಬಾಗಿಲು ಹಾಕಿಕೊಂಡೆ.

ಆ ವರ್ಷದ ದಸರೆ ಮುಗಿದ ಮರುದಿನ ಇವರು ಕೋಲನ್ನು ಮೂಲೆಗೆ ನಿಲ್ಲಿಸಿ, ತಲೆಗೆ ಪಟಕಾ ಸುತ್ತಿ, “ಸಾವಕಾರನ ಡಿಪೊಕ್ಕ ಹೋಗಿ ಬರೂಣು ನಡಿ” ಅಂದರು. ಸೈಕಲ್ ಗೋಡೆಗೆ ಆನಿಸಿತ್ತು. ಅದರ ಕಡೆ ನೋಡಲಿಲ್ಲ. ಅವರು ಮುಂದೆ, ನಾನು ಹಿಂದೆ. ಎಣಿಸಬಾರದು ಅಂದುಕೊಂಡರೂ ಬಾಯಿ ಎಣಿಸಿತು. ತೊಂಬತ್ತು, ನೂರು, ನೂರಾ ಹದಿನೆಂಟು. ಹುಣಸೆಕಟ್ಟೆ ಬಂತು. ಅಲ್ಲಿ ಕೂತದ್ದು ನಾನು, ಕಣ್ಣು ಮಂಜಾಗಿ ದಾರಿ ಕಾಣದೆ.

ಅವರು ನೆಟ್ಟಗೆ ಮುಂದೆ ಹೋಗುತ್ತಿದ್ದರು. ಎರಡೂ ಚಪ್ಪಲಿ ಕಾಲಲ್ಲೇ ಇದ್ದವು.

“ರೀ, ನಿಂದರ್ರೀ!” ಎಂದು ಕೂಗಿದೆ. ತಿರುಗಿ ನೋಡಿ ಮೀಸೆಯಲ್ಲೇ ನಕ್ಕರು.

“ಹೆಸರ ಹಿಡದ ಕರಿ, ನಿಂದರತೇನಿ.”

ಹೇಳಿ ಮತ್ತೆ ನಡೆದರು. ಆ ಹೆಸರು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಕರೆಯಲಿಲ್ಲ. ಕರೆದರೆ ನಿಂತುಬಿಡುತ್ತಾರೆ.